ತೋರಣದ ಕೆಳಗೆ ಎರಡು ಖಾಲಿ ಚೌಕ

ಎಂಟನೇ ಕ್ಲಾಸಿನ ಅರ್ಧದಲ್ಲಿ ನಾನು ಶಾಲೆ ಬಿಟ್ಟೆ. ಶಾಲೆಯೇ ನನ್ನನ್ನು ಬಿಟ್ಟಿತು ಅಂತ ನನ್ನ ಹೆಂಡತಿ ತಿದ್ದುತ್ತಾಳೆ. ತಿದ್ದಲಿ. ಚಾಮರಾಜಪೇಟೆಯ ನಮ್ಮಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಲು ಎರಡು ಕೈ ಬೇಕಿತ್ತು, ನನಗೆ ಗಣಿತದಿಂದ ಬಚ್ಚಿಟ್ಟುಕೊಳ್ಳಲು ಒಂದು ಜಾಗ ಬೇಕಿತ್ತು. ಇಬ್ಬರಿಗೂ ಅನುಕೂಲವಾಯಿತು.

ಮೊಳೆ ಅಂದರೆ ಸೀಸದ ಅಕ್ಷರ. ಕನ್ನಡಿಯೊಳಗೆ ಕಂಡ ಹಾಗೆ ಅದನ್ನು ಹಿಂದುಮುಂದಾಗಿ ಓದಬೇಕು. ಎರಡೇ ವರ್ಷದಲ್ಲಿ ನೆಟ್ಟಗಿರುವ ಅಕ್ಷರಕ್ಕಿಂತ ತಿರುಗಿ ನಿಂತ ಅಕ್ಷರವನ್ನೇ ನಾನು ಬೇಗ ಓದುತ್ತಿದ್ದೆ. ಎರಡೆರಡು ಡಿಗ್ರಿ ಮಾಡಿದವರನ್ನು ಕರೆದು ಕೂರಿಸಿ ನೋಡಿ, ಒಂದು ಸಾಲು ಓದಲಿ.

ಆಮೇಲೆ ಮೊಳೆಗಳು ಹೋದವು, ಅಪ್ಪನೂ ಹೋದರು, ಸ್ಕ್ರೀನ್ ಪ್ರಿಂಟಿಂಗ್ ಬಂತು. ನಾನು ಮಾಡುವುದು ಮದುವೆ ಪತ್ರಿಕೆ. ಮಾಮೂಲ್‌ಪೇಟೆಯಿಂದ ಖಾಲಿ ಕಾರ್ಡು ತರುತ್ತೇನೆ. ಹುಡುಗನ ಹೆಸರು, ಹುಡುಗಿಯ ಹೆಸರು, ಮುಹೂರ್ತ, ಛತ್ರ ಎಲ್ಲವನ್ನೂ ಅದರ ಮೇಲೆ ಒಂದೊಂದಾಗಿ ಕೈಯಲ್ಲೇ ಅಚ್ಚು ಹಾಕುತ್ತೇನೆ. ಮಡಚಿ ಕವರಿಗೆ ತುಂಬುವುದು ನನ್ನ ಹೆಂಡತಿಯ ಖಾತೆ. ನನ್ನ ಕೈಕೆಳಗೆ ಯಾರೂ ಇಲ್ಲ. ಮೇಲೆ ಯಾರಿದ್ದಾರೆ ಅನ್ನುವುದನ್ನು ಈಗಷ್ಟೇ ಹೇಳಿದೆ.

ಈ ಕಸುಬಿನಲ್ಲಿ ಕಾರ್ಡು ಚೆನ್ನಾಗಿರುವುದು ದೊಡ್ಡ ವಿಷಯವಲ್ಲ. ಚೆನ್ನಾಗಿರುವ ಕಾರ್ಡು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ದೊಡ್ಡ ವಿಷಯ ದಿನ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಮೊದಲನೇ ಪತ್ರಿಕೆಯನ್ನು ದೇವರ ಮುಂದೆ ಇಡಬೇಕು, ಆಮೇಲೆಯೇ ಹಿರಿಯರು ಕರೆಯಲು ಹೊರಡುವುದು. ಆ ದಿನವನ್ನು ಪುರೋಹಿತರು ಗೊತ್ತು ಮಾಡಿಕೊಟ್ಟಿರುತ್ತಾರೆ. ಅವತ್ತು ಪತ್ರಿಕೆ ಕೈಗೆ ಬರದಿದ್ದರೆ ಮನೆಯ ಅಜ್ಜಿಗೆ ಏನೇನೋ ಅನ್ನಿಸಲು ಶುರುವಾಗುತ್ತದೆ. ಅಜ್ಜಿಗೆ ಅನ್ನಿಸಿದರೆ ಮುಗಿಯಿತು, ಆ ಮನೆಯವರು ಇನ್ನು ಮೂರು ತಲೆಮಾರು ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ನಮ್ಮಪ್ಪ ಒಂದು ದಿನವನ್ನೂ ತಪ್ಪಿಸಿದವರಲ್ಲ. ನಾನೂ ತಪ್ಪಿಸಿದವನಲ್ಲ. ಜ್ವರ ಬಂದಾಗಲೂ, ಕರೆಂಟು ಹೋದಾಗಲೂ, ನನ್ನ ಸ್ವಂತ ಮದುವೆಯ ವಾರದಲ್ಲೂ ತಪ್ಪಿಸಲಿಲ್ಲ. ಆ ವಾರ ನಮ್ಮ ಪತ್ರಿಕೆಗಿಂತ ಮೊದಲು ಗಿರಾಕಿಯ ಪತ್ರಿಕೆ ಮುಗಿಸಿದ್ದೆ ಅನ್ನುವುದನ್ನು ನಮ್ಮ ಮಾವ ಸಾಯುವವರೆಗೂ ಮರೆಯಲಿಲ್ಲ.

ಹೋಮ್‌ಪೇಜ್ ಮಾಡಿಕೊಂಡಾಗ ಈ ಮಾತನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆ: ‘ತಂದೆಯ ಕಾಲದಿಂದ ಇಂದಿನವರೆಗೆ ಒಂದು ದಿನವೂ ತಪ್ಪಿಲ್ಲ.’

ಹೋಮ್‌ಪೇಜ್ ನನ್ನದೇ ಕೆಲಸ. ಯಾರಿಂದಲೂ ಮಾಡಿಸಿದ್ದಲ್ಲ. ಪುಟ ಕಟ್ಟುವ ಎಚ್‌ಟಿಎಂಎಲ್ ಭಾಷೆ ಅಂದರೆ ಏನೋ ಅಂದುಕೊಂಡಿದ್ದೆ. ನೋಡಿದರೆ ಮೊಳೆ ಜೋಡಿಸುವ ಕೆಲಸವೇ. ಇಲ್ಲಿ ಶುರು, ಅಲ್ಲಿ ಮುಗಿತು ಅಂತ ಎರಡೂ ಕಡೆ ಗೂಟ ಹೊಡೆಯುವುದು. ಒಂದು ಗೂಟ ಮರೆತರೆ ಇಡೀ ಪುಟ ಕುಸಿಯುವುದು. ಹಿಂದುಮುಂದಾಗಿ ಓದಿ ಬೆಳೆದವನಿಗೆ ಇದೇನು ಮಹಾ? ಅಪ್ಪನ ಫೋಟೋ ಹಾಕಿದೆ. ಕಾಲಲ್ಲಿ ತುಳಿದು ಅಚ್ಚು ಹಾಕುವ ಹಳೆಯ ಟ್ರೆಡಲ್ ಮೆಷಿನ್ ಪಕ್ಕ ನಾನು ಕೈಕಟ್ಟಿ ನಿಂತ ಫೋಟೋ ಹಾಕಿದೆ. ಮೇಲ್ಗಡೆ ಮಾವಿನೆಲೆ ತೋರಣ, ಅದರ ಕೆಳಗೆ ಒಂದು ಸ್ಯಾಂಪಲ್ ಪತ್ರಿಕೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಮೇಲ್ ವಿಳಾಸ. ಫೋನ್ ನಂಬರ್ ಹಾಕಲಿಲ್ಲ. ನಮ್ಮ ಅಂಗಡಿ ನಂಬರ್ ಯಾರಿಗೆ ಗೊತ್ತಿಲ್ಲ?

“ಈಗ ಯಾರ್ರೀ ಹೋಮ್‌ಪೇಜ್ ನೋಡ್ತಾರೆ?” ಅಂದಳು ಹೆಂಡತಿ. “ಎಲ್ಲಾ ಇನ್‌ಸ್ಟಾಗ್ರಾಮಲ್ಲಿ ಇದಾರೆ.”

“ಅವರು ಅಲ್ಲಿರಲಿ. ಇದು ನನ್ನ ಸ್ವಂತ ಮನೆ. ಅದು ಬಾಡಿಗೆ ಮನೆ.”

“ಸ್ವಂತ ಮನೆ ಸರಿ, ಬರೋರು ಯಾರು?”

ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ. ಶ್ರಾವಣದ ಮದುವೆಗಳಿಗೆ ಅಲ್ಲೊಂದು ಇಲ್ಲೊಂದು ಆರ್ಡರ್ ಬರುತ್ತದೆ, ಅಷ್ಟೇ. ಕೈಯಲ್ಲಿ ಕೆಲಸ ಇಲ್ಲದಿದ್ದರೆ ನನಗೆ ಮೈ ಕಡಿಯುತ್ತದೆ. ಆಗ ಮೇಲ್‌ನ ರಗಳೆ ಕಣ್ಣಿಗೆ ಬಿತ್ತು.

ಗಿರಾಕಿಗಳು ಪತ್ರಿಕೆಯ ಮ್ಯಾಟರ್ ಅನ್ನು ಮೇಲ್‌ನಲ್ಲಿ ಕಳಿಸುತ್ತಾರೆ. ಆ ಮೇಲ್ ತೆರೆಯಬೇಕಾದರೆ ನನಗೆ ಜಾಗ ಕೊಟ್ಟಿರುವ ಹೋಸ್ಟಿಂಗ್‌ನವರ ವಿಳಾಸಕ್ಕೆ ಹೋಗಬೇಕು. ಅದೋ ಒಂದು ಮಾರುದ್ದ. ಕೊನೆಯಲ್ಲಿ ಎರಡು ಚುಕ್ಕಿ, ನಾಲ್ಕು ಅಂಕಿ. ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದೆ. ಹೆಂಡತಿ ಕ್ಯಾಲೆಂಡರ್ ಬದಲಾಯಿಸಿದಾಗ ಚೀಟಿ ಹೋಯಿತು. ಹೋಸ್ಟಿಂಗ್‌ನವನಿಗೆ ಫೋನ್ ಮಾಡಿದೆ.

“ಏನಪ್ಪಾ, ಮೇಲ್‌ಗೆ ಹೋಗೋ ಬಾಗಿಲನ್ನ ನನ್ನ ಪೇಜಲ್ಲೇ ಇಟ್ಕೊಳ್ಳೋಕೆ ಆಗುತ್ತಾ?”

“ಲಾಗಿನ್ ಫಾರಂ ಹಾಕ್ಬೋದು ಸಾರ್. ಆದ್ರೆ ಅದು ನಿಮ್ಗೆ ಕಷ್ಟ ಆಗುತ್ತೆ. ಸುಮ್ನೆ ಬುಕ್‌ಮಾರ್ಕ್ ಮಾಡ್ಕೊಂಡ್ಬಿಡಿ.”

ನಿಮ್ಗೆ ಕಷ್ಟ ಆಗುತ್ತೆ. ಈ ಮೂರು ಮಾತನ್ನು ನನ್ನ ಹತ್ತಿರ ಆಡಬಾರದು.

ಮೂರು ಮಧ್ಯಾಹ್ನ ಕೂತೆ. ಅವರ ಮೇಲ್ ಪುಟದ ಒಳಗನ್ನು ತೆರೆದು ನೋಡಿದರೆ ಬೇಕಾಗಿದ್ದದ್ದು ಆರೇ ಸಾಲು. ಎತ್ತಿ ತಂದು ನನ್ನ ಪುಟದಲ್ಲಿ ಕೂರಿಸಿದೆ. ಮೊದಲ ದಿನ ಏನು ಒತ್ತಿದರೂ ಅಲ್ಲಾಡಲಿಲ್ಲ. ಹೆಸರು, ಪಾಸ್‌ವರ್ಡ್ ಬರೆಯುವ ಎರಡು ಚೌಕಕ್ಕೂ ಒಳಗಡೆ ನಾನೇ ಬೇರೆ ಹೆಸರು ಇಟ್ಟಿದ್ದೆ. ಸರ್ವರಿಗೆ ತಾನು ಇಟ್ಟ ಹೆಸರೇ ಬೇಕಂತೆ. ಅದರ ಹಟವೇ ಗೆಲ್ಲಲಿ ಅಂತ ಬಿಟ್ಟುಕೊಟ್ಟೆ. ಮೂರನೇ ದಿನ, ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಒತ್ತಿದೆ ನೋಡಿ, ಬಾಗಿಲು ತೆರೆಯಿತು. ಒಳಗೆ ನನ್ನ ಮೇಲ್‌ಗಳು ಸಾಲಾಗಿ ಕೂತಿದ್ದವು. ಕಾಲೇಜಿನ ಮುಖ ನೋಡದವನು ಸರ್ವರಿನ ಒಳಗೆ ನನ್ನದೇ ಬಾಗಿಲಿನಿಂದ ಹೋಗಿದ್ದೆ. ಅವತ್ತು ಸಂಜೆ ಸಿಕ್ಕವರಿಗೆಲ್ಲ ಹೇಳಿದೆ. ತರಕಾರಿಯವಳಿಗೂ ಹೇಳಿದೆ. “ಒಳ್ಳೇದಾಗ್ಲಿ ಬುಡಣ್ಣ,” ಅಂದು ಅವಳು ಎರಡು ಕಡ್ಡಿ ಕೊತ್ತಂಬರಿ ಜಾಸ್ತಿ ಹಾಕಿದಳು.

ಅಷ್ಟು ಕಷ್ಟಪಟ್ಟ ಮೇಲೆ ಮೂಲೆಯಲ್ಲಿಡಲು ಮನಸ್ಸಾಗಲಿಲ್ಲ. ಪುಟದ ನಟ್ಟನಡುವೆ, ತೋರಣದ ಕೆಳಗೆ, ಸ್ಯಾಂಪಲ್ ಪತ್ರಿಕೆಯ ಬುಡಕ್ಕೇ ಇಟ್ಟೆ. ಸುತ್ತ ಪತ್ರಿಕೆಗೆ ಹಾಕುವ ಬಳ್ಳಿಯ ಬಾರ್ಡರ್ ಕೊಟ್ಟೆ. ಚೌಕಗಳ ಪಕ್ಕ ಏನೂ ಬರೆಯಲಿಲ್ಲ. ಬಾಗಿಲು ನನ್ನದು, ಯಾವುದರಲ್ಲಿ ಹೆಸರು, ಯಾವುದರಲ್ಲಿ ಪಾಸ್‌ವರ್ಡ್ ಅಂತ ನನಗೆ ಗೊತ್ತಿದ್ದರೆ ಸಾಕಲ್ಲ. ಕೆಳಗಿನ ಬಟನ್ನಿನ ಮೇಲೆ ಮಾತ್ರ ‘ಒತ್ತಿ’ ಅಂತ ಬರೆದೆ.

ಹೀಗೆ ಒಂದು ಪೂರ್ತಿ ಆಷಾಢ, ಮದುವೆ ಪತ್ರಿಕೆ ಮಾಡುವವನ ಪುಟದಲ್ಲಿ, ತೋರಣದ ಕೆಳಗೆ ಎರಡು ಖಾಲಿ ಚೌಕಗಳು ಅಕ್ಕಪಕ್ಕ ಕೂತಿದ್ದವು. ಇಷ್ಟು ಹೇಳಿದರೆ ನಿಮಗೆ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ.

ಆಷಾಢದ ಕೊನೆಗೆ ಬಸವನಗುಡಿಯಿಂದ ಮೇಷ್ಟರ ಫೋನ್ ಬಂತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದವರು. ನನಗೆ ಕಲಿಸಿದವರಲ್ಲ. ಕಲಿಸಿದ್ದರೆ ಏಳನೇ ಕ್ಲಾಸಿಗೇ ಬಿಡುತ್ತಿದ್ದೆ. ಅವರ ಮದುವೆಯ ಪತ್ರಿಕೆ ನಮ್ಮಪ್ಪ ಮಾಡಿದ್ದು, ಮಗಳ ಮದುವೆಯದು ನಾನು ಮಾಡಿದ್ದು.

“ಏನಯ್ಯಾ, ಮೊಮ್ಮಗಳ ಮದುವೆ ಗೊತ್ತಾಗಿದೆ. ಮುಂದಿನದರ ಮುಂದಿನ ಶುಕ್ರವಾರ ಪತ್ರಿಕೆ ದೊಡ್ಡಗಣಪತಿ ಮುಂದೆ ಇಡ್ಬೇಕು. ಅವತ್ತೇ ನನ್ನ ಮಗಳು ಅಳಿಯ ಕರೆಯೋಕೆ ಹೊರಡ್ತಾರೆ. ನಂಗೆ ಮಂಡಿ ಆಪರೇಷನ್ ಆಗಿದೆ, ನಿನ್ನ ಅಂಗಡಿ ಮೆಟ್ಲು ಹತ್ತೋಕಾಗಲ್ಲ.”

“ಹತ್ಲೇಬೇಡಿ ಮೇಷ್ಟ್ರೇ. ನನ್ನ ಹೋಮ್‌ಪೇಜ್ ಇದೆ, ಎಲ್ಲಾ ಅಲ್ಲೇ ಇದೆ. ಓದ್ದೋರಿಗೆ ನಾನೇನು ಹೇಳೋದು?”

“ದಿನ?”

“ಅದನ್ನೂ ಅಲ್ಲೇ ಬರ್ದಿದೀನಿ, ದಪ್ಪ ಅಕ್ಷರದಲ್ಲಿ. ನೋಡ್ಕೊಳ್ಳಿ.”

ಕೊನೆಯಲ್ಲಿರುವ ಮೇಲ್ ವಿಳಾಸಕ್ಕೆ ಮ್ಯಾಟರ್ ಕಳಿಸುತ್ತಾರೆ ಅಂದುಕೊಂಡೆ. ಒಂದು ವಾರ ಕಾದೆ, ಬರಲಿಲ್ಲ. ಹೆಂಡತಿ “ಒಂದು ಫೋನ್ ಮಾಡಿ ಕೇಳ್ರೀ” ಅಂದಳು. ಸಂಪಿಗೆ ರಸ್ತೆ ಕಡೆ ಯಾವುದೋ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿರಬೇಕು, ಪೆಟ್ಟಿಗೆಯಲ್ಲಿ ದ್ರಾಕ್ಷಿ ಗೋಡಂಬಿ ಸಮೇತ ಪತ್ರಿಕೆ ಕೊಡುತ್ತಾರಲ್ಲ, ಅಲ್ಲಿಗೆ. ಹೋದವರನ್ನು ಕೇಳಿಕೊಂಡು ಹೋಗುವ ಜಾಯಮಾನ ನನ್ನದಲ್ಲ. ಆ ಸೀಸನ್ನಿನಲ್ಲಿ ಪುಟದ ಕಡೆಯಿಂದ ಒಬ್ಬನೇ ಒಬ್ಬ ಗಿರಾಕಿಯೂ ಬಂದಿರಲಿಲ್ಲ. ಕಾಲ ಕೆಟ್ಟಿದೆ ಅಂತ ಬೈದುಕೊಂಡು ಸುಮ್ಮನಿದ್ದೆ.

ಆ ಶುಕ್ರವಾರಕ್ಕೆ ಎರಡು ದಿನ ಇರುವಾಗ, ಬುಧವಾರ ಬೆಳಿಗ್ಗೆ, ಅಂಗಡಿ ಮುಂದೆ ಆಟೋ ನಿಂತಿತು. ಮೇಷ್ಟ್ರು ಕೋಲೂರಿಕೊಂಡು, ಆಟೋದವನ ಹೆಗಲು ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂತರು. ಒಂದು ನಿಮಿಷ ಉಸಿರು ಬಿಟ್ಟರು. ಆಮೇಲೆ ಬಟ್ಟೆಯ ಚೀಲ ಬಿಚ್ಚಿ ಬಾಯಿ ಅಗಲಿಸಿ ಹಿಡಿದರು.

“ಹಾಕಯ್ಯಾ.”

“ಏನು ಹಾಕ್ಲಿ ಮೇಷ್ಟ್ರೇ?”

“ಪತ್ರಿಕೆ.”

“ಯಾವ ಪತ್ರಿಕೆ?”

ಅವರು ಚೀಲ ಕೆಳಗಿಟ್ಟರು. ಬೋರ್ಡಿನ ಮುಂದೆ ನಿಂತು ಲೆಕ್ಕ ಬಾರದೆ ಒದ್ದಾಡುವ ಹುಡುಗನನ್ನು ನೋಡುತ್ತಾರಲ್ಲ, ಹಾಗೆ ನೋಡಿದರು. ಆ ನೋಟ ನನಗೆ ಹಳೆಯ ಪರಿಚಯ.

“ಹತ್ತು ದಿನದ ಹಿಂದೆ ಆರ್ಡರ್ ಕೊಟ್ಟಿದೀನಿ. ನಿನ್ನ ಪೇಜಲ್ಲಿ.”

“ನನ್ನ ಪೇಜಲ್ಲಿ ಆರ್ಡರ್ ಕೊಡೋ ಜಾಗವೇ ಇಲ್ಲ ಮೇಷ್ಟ್ರೇ!”

“ಇಲ್ವಾ? ಹಾಗಾದ್ರೆ ಆ ಎರಡು ಬಾಕ್ಸ್ ಯಾಕಿಟ್ಟಿದೀಯ?”

“ಅದು ನನ್ನ ಮೇಲ್ ನೋಡೋಕೆ!”

“ನಿನ್ನ ಮೇಲ್ ನೋಡೋ ಜಾಗವನ್ನ ತೋರಣದ ಕೆಳಗೆ ಯಾಕಯ್ಯಾ ಇಟ್ಟೆ? ನಿನ್ನ ಮೇಲ್‌ಗೇನು ಮದುವೆನಾ?”

ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಮೇಷ್ಟ್ರು ಮೇಷ್ಟ್ರೇ. ಮಾಡಿದ್ದನ್ನೆಲ್ಲ ನಂಬರ್ ಹಾಕಿ ಬರೆದಿಟ್ಟಿದ್ದರು. ಒಂದನೇ ಪ್ರಯತ್ನ: ಮೊದಲ ಚೌಕದಲ್ಲಿ ಹುಡುಗನ ಹೆಸರು, ಎರಡನೆಯದರಲ್ಲಿ ಹುಡುಗಿಯ ಹೆಸರು. ಒತ್ತಿದರು. ಬೇರೆ ಪುಟ ಬಂದು ಕೆಂಪು ಅಕ್ಷರದಲ್ಲಿ ‘ಇನ್‌ಕರೆಕ್ಟ್, ಟ್ರೈ ಅಗೇನ್’ ಅಂದಿತು. ಎರಡನೆಯದು: ಇನಿಷಿಯಲ್ ಸಮೇತ. ಇನ್‌ಕರೆಕ್ಟ್. ಮೂರನೆಯದು: ಹುಡುಗನಿಗೆ ಚಿ॥ರಾ॥, ಹುಡುಗಿಗೆ ಚಿ॥ಸೌ॥ ಸೇರಿಸಿ, ಪತ್ರಿಕೆಯಲ್ಲಿ ಹಾಕುವ ಹಾಗೆ. ಇನ್‌ಕರೆಕ್ಟ್.

“ನಲವತ್ತು ವರ್ಷ ಬೇರೆಯೋರ ಪೇಪರ್ ಮೇಲೆ ನಾನು ತಪ್ಪು ಹಾಕಿದೀನಿ,” ಅಂದರು ಮೇಷ್ಟ್ರು. “ನನಗೆ ತಪ್ಪು ಹಾಕಿದ್ದು ನಿನ್ನ ಪೇಜೇ ಮೊದಲು.”

ಅದಕ್ಕಿಂತ ದೊಡ್ಡ ರಾದ್ಧಾಂತ ಚುಕ್ಕಿಯದು. ಎರಡನೇ ಚೌಕ ಪಾಸ್‌ವರ್ಡಿನದು, ಅದರಲ್ಲಿ ಏನು ಬರೆದರೂ ಕಪ್ಪು ಚುಕ್ಕಿಯೇ ಕಾಣುವುದು. ಹುಡುಗಿಯ ಹೆಸರು ಹೊಡೆದರೆ ಸಾಲಾಗಿ ಚುಕ್ಕಿ. ಮೇಷ್ಟರ ಹೆಂಡತಿ ಹಿಂದಿನಿಂದ ನೋಡುತ್ತಿದ್ದರಂತೆ. ‘ಹುಡುಗನ ಹೆಸರು ಮಾತ್ರ ಪಳಪಳ ಅಂತಿದೆ, ನಮ್ಮ ಮಗು ಹೆಸರಿಗೆ ಯಾಕೆ ಮಸಿ ಬಳೀತಾನೆ ಅವನು?’ ಅಂತ ಕೂಗಾಡಿದರಂತೆ. ಅಜ್ಜಿಯ ಸಮಾಧಾನಕ್ಕೆ ನಾಲ್ಕನೇ ಪ್ರಯತ್ನದಲ್ಲಿ ಹುಡುಗಿಯ ಹೆಸರನ್ನು ಮೊದಲು ಹಾಕಿದರು. ಹುಡುಗನಿಗೆ ಚುಕ್ಕಿ ಬಂತು. ಅಜ್ಜಿಗೆ ಸಮಾಧಾನವಾಯಿತು, ಪುಟಕ್ಕೆ ಆಗಲಿಲ್ಲ. ಇನ್‌ಕರೆಕ್ಟ್.

“ಕೊನೆಗೆ ಗೊತ್ತಾಯ್ತು, ಬರೀ ಹೆಸರು ಸಾಲ್ದು, ಪೂರ್ತಿ ವಿವರ ಬೇಕು ಅಂತ,” ಅಂದರು. “ಮೊದಲನೇ ಬಾಕ್ಸಲ್ಲಿ ಗಂಡಿನ ಕಡೇದು, ಅಜ್ಜನ ಹೆಸರಿಂದ ಹಿಡಿದು. ಎರಡನೇದರಲ್ಲಿ ನಮ್ಮ ಕಡೇದು, ಮುಹೂರ್ತ, ಛತ್ರ, ಎಲ್ಲಾ. ಒತ್ತಿದೆ. ಬಿಳೀ ಪುಟ ಬಂತು. ಇನ್‌ಕರೆಕ್ಟ್ ಅನ್ನೋದು ನಿಂತ್ಹೋಯ್ತು.”

“ನಿಂತ್ರೆ?”

“ತಪ್ಪು ಅನ್ನೋದು ನಿಂತ್ರೆ ಸರಿ ಅಂತ ತಾನೇ ಅರ್ಥ? ಆಮೇಲೆ ನಿನ್ನ ಪೇಜೇ ತೆರೀಲಿಲ್ಲ. ಆರ್ಡರ್ ತಗೊಂಡು ಬಾಗಿಲು ಹಾಕ್ಕೊಂಡ ಅಂದ್ಕೊಂಡೆ.”

“ಒಂದು ಫೋನ್ ಮಾಡ್ಬಾರ್ದಿತ್ತಾ ಮೇಷ್ಟ್ರೇ!”

“ಯಾಕೆ ಮಾಡ್ಲಿ? ಒಂದು ದಿನವೂ ತಪ್ಪಿಲ್ಲ ಅಂತ ನೀನೇ ಬರ್ದಿದೀಯ. ನಂಬಿದೆ.”

ಸುಮ್ಮನಿರುವವನು ನಾನಲ್ಲ. ಲಾಗಿನ್ ಫಾರಂನಲ್ಲಿ ಮೊಮ್ಮಗಳ ಹೆಸರು ಬರೆಯುವವರು ಇಡೀ ಬೆಂಗಳೂರಿನಲ್ಲಿ ನೀವೊಬ್ಬರೇ, ಓದಿದವರಾಗಿ ಇಷ್ಟು ಗೊತ್ತಾಗಲಿಲ್ಲವೇ, ಅಂತ ಶುರು ಮಾಡಿದೆ. ಅಷ್ಟರಲ್ಲಿ ಹೆಂಡತಿ ಎರಡು ಲೋಟ ಕಾಫಿ ತಂದಳು. ಒಂದನ್ನು ಮೇಷ್ಟರ ಕೈಗೆ ಕೊಟ್ಟಳು. ಇನ್ನೊಂದನ್ನು ನನಗೆ ಕೊಡದೆ ಹಿಡಿದುಕೊಂಡೇ ನಿಂತಳು.

“ಅವರೊಬ್ರೇ ಅಲ್ಲ. ನಾನೂ ಹಾಕಿದ್ದೆ.”

“ನೀನೇನು ಹಾಕ್ದೆ?”

“ನಿಮ್ಮ ಹೆಸರು, ನನ್ನ ಹೆಸರು. ಸ್ಯಾಂಪಲ್ ಪತ್ರಿಕೆ ಹೆಂಗೆ ಬರುತ್ತೆ ಅಂತ ತೋರಿಸುತ್ತೇನೋ ಅಂದ್ಕೊಂಡೆ. ಗಂಡನ ಹೆಸರು ಬಾಯಲ್ಲಿ ಹೇಳ್ಬಾರ್ದು ಅಂತ ನಮ್ಮತ್ತೆ ಹೇಳಿದ್ರು, ಟೈಪ್ ಮಾಡ್ಬಾರ್ದು ಅಂತೇನು ಹೇಳಿರ್ಲಿಲ್ಲ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಇನ್‌ಕರೆಕ್ಟ್ ಅಂತ ಬಂತು. ಇಷ್ಟು ವರ್ಷಕ್ಕೆ ನಿಮ್ಮ ಕಡೆಯಿಂದ ಒಂದು ನಿಜ ಮಾತು ಬಂತಲ್ಲ ಅಂತ ಸುಮ್ನಾದೆ.”

ಮೇಷ್ಟ್ರು ಕಾಫಿ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಮಂಡಿಯ ನೋವು ಮರೆತು ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ಹೆಂಡತಿಯೂ ಹಾಕಿದ್ದಾಳೆ ಅಂದರೆ ಇನ್ನು ಯಾರು ಯಾರು ಹಾಕಿದ್ದಾರೋ? ಅಲ್ಲೇ ನಿಂತು ಹೋಸ್ಟಿಂಗ್‌ನವನಿಗೆ ಫೋನ್ ಮಾಡಿ, ಮೇಷ್ಟರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

“ತಪ್ಪಾಗಿ ಹಾಕಿರೋದೆಲ್ಲ ನಮ್ಮ ಕಡೆ ದಾಖಲಾಗಿರುತ್ತೆ ಸಾರ್,” ಅಂದ. “ಯಾರೋ ಒಬ್ರು ಮೇಲಿಂದ ಮೇಲೆ ಹಾಕಿದಾರೆ. ಕಳ್ಳ ಅಂದ್ಕೊಂಡು ಸರ್ವರ್ ಅವ್ರ ಮನೆ ಕನೆಕ್ಷನ್ನನ್ನೇ ಬ್ಲಾಕ್ ಮಾಡಿದೆ.”

ಬಿಳಿ ಪುಟದ ಮರ್ಮ ಇದು. “ಕಳ್ಳ ಅಂತೆ, ಕೇಳಿಸ್ಕೊಂಡ್ರಾ?” ಅಂತ ಮೇಷ್ಟ್ರು ನನ್ನ ಹೆಂಡತಿಗೆ ಹೇಳಿದರು, ಏನೋ ಬಿರುದು ಬಂದ ಹಾಗೆ.

“ಅವರು ಬರೆದಿದ್ದೆಲ್ಲ ಸಿಗುತ್ತೇನಪ್ಪಾ?”

“ಮೊದಲನೇ ಬಾಕ್ಸಿಂದು ಸಿಗುತ್ತೆ ಸಾರ್. ಎರಡನೇದು ಪಾಸ್‌ವರ್ಡ್ ಅಲ್ವಾ, ಅದನ್ನ ನಾವು ಇಟ್ಕೊಳ್ಳಲ್ಲ. ಮೇಲ್ ಮಾಡ್ತೀನಿ ಇರಿ.”

ಐದು ನಿಮಿಷಕ್ಕೆ ಮೇಲ್ ಬಂತು. ನನ್ನ ಪುಟ ತೆರೆದು, ತೋರಣದ ಕೆಳಗೆ ನನ್ನ ಹೆಸರು, ಪಾಸ್‌ವರ್ಡ್ ಹಾಕಿ ಒಳಗೆ ಹೋದೆ. ಮೇಷ್ಟ್ರು, ಹೆಂಡತಿ ಇಬ್ಬರೂ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಬಾಗಿಲು ಎಷ್ಟು ಸಲೀಸಾಗಿ ತೆರೆಯಿತೆಂದರೆ ನನಗೇ ನಾಚಿಕೆಯಾಯಿತು.

ಪಟ್ಟಿ ಇತ್ತು. ಮೇಷ್ಟರ ನಾಲ್ಕನೇ ಪ್ರಯತ್ನದ ಹುಡುಗಿಯೊಬ್ಬಳನ್ನು ಬಿಟ್ಟರೆ ಬರೀ ಗಂಡುಗಳ ಪಟ್ಟಿ. ಒಂದರ ಕೆಳಗೊಂದು ಮದುವೆ ಗಂಡುಗಳು, ಒಬ್ಬನ ಪಕ್ಕದಲ್ಲೂ ಹೆಣ್ಣಿಲ್ಲ. ಮೊದಲನೆಯ ಗಂಡು ನಾನೇ, ಹೆಂಡತಿ ಹಾಕಿದ್ದು. ಕೊನೆಯ ಗಂಡು ಮೇಷ್ಟರ ಮೊಮ್ಮಗಳನ್ನು ಮದುವೆಯಾಗುವವನು, ಅಜ್ಜ ಮುತ್ತಜ್ಜನ ಸಮೇತ. ನಡುವೆ ಹದಿನಾರು ಜನ. ಕೆಲವರು ಇಂಗ್ಲಿಷಿನಲ್ಲಿ, ಕೆಲವರು ಕನ್ನಡದಲ್ಲಿ. ಒಬ್ಬ ಬರೀ ಅಡ್ಡಹೆಸರು ಹಾಕಿದ್ದ. ಒಬ್ಬ ನಾಲ್ಕು ಸಲ ಪ್ರಯತ್ನಪಟ್ಟು, ಐದನೇ ಸಲ ಗಂಡಿನ ಹೆಸರಿನ ಜಾಗದಲ್ಲಿ ‘ಅಣ್ಣಾ ಫೋನ್ ನಂಬರ್ ಕೊಡಿ’ ಅಂತ ಬರೆದಿದ್ದ. ಅವನ ನಂಬರ್ ಬರೆದಿರಲಿಲ್ಲ. ಬರೆದಿದ್ದರೂ ಎರಡನೇ ಚೌಕದಲ್ಲಿ ಬರೆದು ಚುಕ್ಕಿಯಾಗಿ ಹೋಗಿರಬೇಕು.

ಹದಿನಾರು ಮನೆ. ಬಂದಿದ್ದರು. ನನ್ನ ಹೊಸ್ತಿಲಲ್ಲಿ ನಿಂತು ಮದುವೆಗಂಡಿನ ಹೆಸರು ಹೇಳಿದ್ದರು. ತಪ್ಪು, ಮತ್ತೆ ಹೇಳು ಅಂತ ನಾನು ಬಾಗಿಲು ಹಾಕಿಕೊಂಡಿದ್ದೆ.

“ಗಂಡಿನ ಕಡೇದು ಪೂರ್ತಿ ಬಂದಿದೆಯಲ್ಲಯ್ಯಾ,” ಅಂದರು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು. “ನಮ್ಮ ಕಡೇದು?”

“ನಿಮ್ಮ ಕಡೇದನ್ನ ಸರ್ವರ್ ನುಂಗಿದೆ.”

“ನನ್ನ ಹೆಂಡತಿಗೆ ಮಾತ್ರ ಹೇಳ್ಬೇಡ. ಪೆನ್ ತಗೋ, ಹೇಳ್ತೀನಿ. ಇಷ್ಟಾದ ಮೇಲೆ ಕೇಳ್ತೀನಿ, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಗಣಪತಿ ಮುಂದೆ ಪತ್ರಿಕೆ ಇರುತ್ತಾ, ಇಲ್ವಾ? ಇಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಅವಳಿಗೆ ಏನಾದ್ರೂ ಕಥೆ ಕಟ್ತೀನಿ.”

“ಇರುತ್ತೆ,” ಅಂದೆ.

ಮಾಮೂಲಾಗಿ ಐದು ದಿನದ ಕೆಲಸ. ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡು ಅಲ್ಲೇ ಟೈಪ್ ಮಾಡಿ ಪ್ರೂಫ್ ತೆಗೆದು ಕೈಗೆ ಕೊಟ್ಟೆ. ಅವರು ಕೆಂಪು ಪೆನ್ನು ತೆಗೆದು, ತಪ್ಪು ಹುಡುಕಿ ಹುಡುಕಿ, ಸಿಗದೆ, ಬೇಜಾರಿನಿಂದ ಕೆಳಗೆ ಸಹಿ ಹಾಕಿದರು. ಅವರನ್ನು ಆಟೋ ಹತ್ತಿಸಿ ನಾನು ಮಾಮೂಲ್‌ಪೇಟೆಗೆ ನಡೆದೇ ಹೋದೆ. ಆ ಗಲ್ಲಿಗಳಲ್ಲಿ ಗಾಡಿಗಿಂತ ಕಾಲು ಬೇಗ ಹೋಗುತ್ತದೆ. ಖಾಲಿ ಕಾರ್ಡಿನ ಎರಡು ಕಟ್ಟನ್ನು ತಲೆಯ ಮೇಲೆ ಹೊತ್ತು ತಂದೆ. ಸಂಜೆಯ ಹೊತ್ತಿಗೆ ಸ್ಕ್ರೀನ್ ತಯಾರಾಗಿತ್ತು.

ಗುರುವಾರ ಬೆಳಿಗ್ಗೆಯಿಂದ ಅಚ್ಚು ಹಾಕಿದೆ. ಒಂದು ಕಾರ್ಡಿಡು, ರಬ್ಬರ್ ಪಟ್ಟಿ ಎಳಿ, ತೆಗಿ, ಒಣಗಲು ಇಡು. ಅಚ್ಚು ಮಧ್ಯಾಹ್ನಕ್ಕೆ ಮುಗಿಯಿತು. ಒಣಗುವುದು ಮುಗಿಯಲಿಲ್ಲ. ಹೊರಗೆ ಶ್ರಾವಣದ ಜಿಟಿಜಿಟಿ. ಮೇಷ್ಟರ ಹೆಂಡತಿ ಕೇಳಿದ್ದು ಬಂಗಾರದ ಬಣ್ಣದ ಇಂಕು. ಬಿಸಿಲಿನ ದಿನವೇ ಅದು ಒಣಗಲು ನಖರಾ ಮಾಡುತ್ತದೆ. ಅಂಗಡಿಯ ಹಲಗೆಗಳೆಲ್ಲ ತುಂಬಿದವು. ಅಂಗಡಿ ಹಿಂದಿರುವ ನಮ್ಮ ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಗಳನ್ನು ಹಾಲಿನ ಈ ಕಡೆಯಿಂದ ಆ ಕಡೆಗೆ ಕಟ್ಟಿದೆವು. ಬಟ್ಟೆ ಕ್ಲಿಪ್ ಹಾಕಿ ಕಾರ್ಡುಗಳನ್ನು ನೇತುಹಾಕಿದೆವು. ಕ್ಲಿಪ್ ಮುಗಿದವು, ಪಕ್ಕದ ಮನೆಯಿಂದ ತಂದೆವು. ಫ್ಯಾನ್ ಹಾಕಿದರೆ ಕಾರ್ಡುಗಳು ಪಟಪಟ ಬಡಿದುಕೊಂಡವು, ಹಾಕದಿದ್ದರೆ ಒಣಗಲಿಲ್ಲ. ಫ್ಯಾನನ್ನು ಒಂದರಲ್ಲಿಟ್ಟು, ಮನೆಯೊಳಗೆ ಬಗ್ಗಿಕೊಂಡು ಓಡಾಡಿದೆವು. ಎಲ್ಲಿ ತಲೆ ಎತ್ತಿದರೂ ಆ ಹುಡುಗ, ಆ ಹುಡುಗಿ. ಚಿತ್ರಾನ್ನ ತಿನ್ನಲು ಕೂತಾಗಲೂ ನೆತ್ತಿಯ ಮೇಲೆ ಅವರಿಬ್ಬರೇ.

“ನಮ್ಮ ಮದುವೇಲೂ ಇಷ್ಟು ಒದ್ದಾಡ್ಲಿಲ್ಲ ನೀವು,” ಅಂದಳು ಹೆಂಡತಿ, ಬಗ್ಗಿಕೊಂಡೇ.

“ನಮ್ಮ ಪತ್ರಿಕೆ ತಡವಾದ್ರೂ ನೀನು ಬೇರೆ ಅಂಗಡಿಗೆ ಹೋಗೋ ಹಾಗಿರ್ಲಿಲ್ವಲ್ಲ.”

“ಹೋಗ್ಬೋದಿತ್ತು ಅಂತ ಯಾರೂ ಹೇಳ್ಲಿಲ್ಲ.”

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಕವರಿಗೆ ತುಂಬಲು ಶುರು ಮಾಡಿದಳು. ಬಂಗಾರ ಇನ್ನೂ ಬೆರಳಿಗೆ ಲಘುವಾಗಿ ಅಂಟುತ್ತಿತ್ತು. ಮುಟ್ಟದ ಹಾಗೆ ಅಂಚು ಹಿಡಿದು ತುಂಬಿದಳು. ಆ ಕೆಲಸಕ್ಕೆ ಅವಳ ಬೆರಳೇ ಆಗಬೇಕು, ನನ್ನದು ಆಗುವುದಿಲ್ಲ. ಒಂಬತ್ತೂವರೆಗೆ ಎರಡು ಚೀಲ ಹಿಡಿದು ಆಟೋ ಹತ್ತಿದೆ.

ದೇವಸ್ಥಾನದ ಹೊರಗೆ ಕಲ್ಲುಕಟ್ಟೆಯ ಮೇಲೆ ಮೇಷ್ಟ್ರು ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಕೈಯಲ್ಲಿ ಅರಿಶಿನದ ಬಟ್ಟಲು. ಹಿಂದೆ ಮಗಳು, ಅಳಿಯ, ಮದುವೆಯಾಗುವ ಮೊಮ್ಮಗಳು. ನನ್ನನ್ನು ಕಂಡ ಕೂಡಲೇ ಅಜ್ಜಿ ಮೊದಲು ಕವರ್ ಬಿಚ್ಚಿ ಹುಡುಗಿಯ ಹೆಸರು ನೋಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಬೆರಳಿಗೆ ಬಂಗಾರ ಅಂಟಿತು. ಅದನ್ನು ಮೊಮ್ಮಗಳ ಕೆನ್ನೆಗೆ ಒರೆಸಿ, “ಚೆನ್ನಾಗಿ ಕಾಣ್ತಿದೆ ಈಗ,” ಅಂದರು. ಮೂಲೆಗಳಿಗೆ ಅರಿಶಿನ ಹಚ್ಚಿಕೊಂಡು ಎಲ್ಲರೂ ಒಳಗೆ ಹೋದರು. ನಾನು, ಮೇಷ್ಟ್ರು ಕಟ್ಟೆಯ ಮೇಲೆ ಉಳಿದೆವು.

“ಹತ್ತು ಗಂಟೆಗೆ ಐದು ನಿಮಿಷ ಇದೆ ಮೇಷ್ಟ್ರೇ,” ಅಂದೆ. ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ. “ದಿನ ತಪ್ಪಲಿಲ್ಲ.”

“ತಪ್ಪಲಿಲ್ಲ. ಒಪ್ದೆ.” ಅವರು ಮಂಡಿ ನೀವಿಕೊಂಡರು. “ಆ ಮಿಕ್ಕ ಹದಿನಾರು ಗಂಡುಗಳದ್ದು?”

ಗಣಿತದ ಮೇಷ್ಟ್ರುಗಳು ಸಾಯುವವರೆಗೂ ಹೀಗೇ. ಬಂದ ಉತ್ತರಕ್ಕೆ ಖುಷಿಪಡಲು ಬಿಡುವುದಿಲ್ಲ, ಶೇಷ ಎಷ್ಟು ಉಳಿಯಿತು ಅಂತ ಕೇಳುತ್ತಾರೆ.

ಮನೆಗೆ ಬಂದು ಊಟವನ್ನೂ ಮಾಡದೆ ಪುಟ ತೆರೆದು ಕೂತೆ. ಲಾಗಿನ್ ಫಾರಂ ಕಿತ್ತು ಬೇರೆ ಪುಟದಲ್ಲಿ ಇಟ್ಟೆ. ಕಿತ್ತುಹಾಕಿಬಿಡಲಿಲ್ಲ, ಮೂರು ಮಧ್ಯಾಹ್ನದ ಕೆಲಸ ಅದು. ಅದರ ಪಕ್ಕ ‘ಇದು ನನ್ನ ಮೇಲ್‌ನ ಬಾಗಿಲು, ನಿಮ್ಮ ಮದುವೆಗೆ ಸಂಬಂಧವಿಲ್ಲ’ ಅಂತ ಬರೆದೆ. ತೋರಣದ ಕೆಳಗೆ ಹೊಸ ಚೌಕಗಳನ್ನು ಮಾಡಿದೆ: ಹುಡುಗ, ಹುಡುಗಿ, ಫೋನ್ ನಂಬರ್, ಪತ್ರಿಕೆ ಬೇಕಾದ ದಿನ. ಪಕ್ಕದಲ್ಲಿ ದೊಡ್ಡದಾಗಿ ಹೆಸರು ಬರೆದೆ. ಎಲ್ಲಿಯೂ ಚುಕ್ಕಿ ಬರದ ಹಾಗೆ ನೋಡಿಕೊಂಡೆ. ನಮ್ಮ ಅಂಗಡಿಯ ನಂಬರನ್ನೂ ಹಾಕಿದೆ. ಗೊತ್ತಿಲ್ಲದವರು ಇದ್ದಾರೆ ಅಂತ ಆಯಿತಲ್ಲ.

ಹೆಂಡತಿಯನ್ನು ಕರೆದು ಪರೀಕ್ಷೆ ಮಾಡಿಸಿದೆ. ಮತ್ತೆ ನಮ್ಮಿಬ್ಬರ ಹೆಸರನ್ನೇ ಹಾಕಿ ಒತ್ತಿದಳು. ‘ಬಂತು, ಸಂತೋಷ’ ಅಂತ ಬಂತು. ನಾನೇ ಬರೆದಿದ್ದು.

“ಇನ್‌ಕರೆಕ್ಟ್ ಅನ್ನಲ್ವಾ ಇನ್ಮೇಲೆ?”

“ಅನ್ನಲ್ಲ.”

“ಹಾಗಾದ್ರೆ ಮತ್ತೆ ಸುಳ್ಳು ಶುರು,” ಅಂದು ಎದ್ದಳು. ಎದ್ದವಳು ದಪ್ಪ ಅಕ್ಷರದ ಸಾಲಿನ ಮುಂದೆ ನಿಂತಳು. “ಇದನ್ನೇನು ಮಾಡ್ತೀರಿ?”

ಅದನ್ನು ನಾನು ಆಗಲೇ ತಿದ್ದಿದ್ದೆ. ‘ಅಂಗಡಿ ಬಾಗಿಲಿಗೆ ಬಂದವರ ದಿನ ಒಂದೂ ತಪ್ಪಿಲ್ಲ’ ಅಂತ ಮಾಡಿದ್ದೆ. ಅದರಲ್ಲಿ ಸುಳ್ಳಿಲ್ಲ. ಅವಳು ಓದಿ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಅವಳು ಏನಾದರೂ ಅಂದಿದ್ದರೆ ಸಾಲು ಉಳಿಯುತ್ತಿತ್ತು, ನಾನು ಜಗಳ ಮಾಡಿ ಉಳಿಸಿಕೊಳ್ಳುತ್ತಿದ್ದೆ. ಎದುರಿಗೆ ಯಾರೂ ಇಲ್ಲದೆ ಎಷ್ಟು ಹೊತ್ತು ಜಗಳವಾಡುವುದು? ಕುಕ್ಕರ್ ಮೂರನೇ ಸಲ ಕೂಗುವ ಹೊತ್ತಿಗೆ ಅಳಿಸಿದೆ. ಅಪ್ಪನ ಫೋಟೋ ಕೆಳಗೆ ಆ ಜಾಗ ಈಗ ಖಾಲಿ ಇದೆ.

ಹದಿನಾರು ಗಂಡುಗಳ ಪಟ್ಟಿಯನ್ನು ಮಾತ್ರ ಪ್ರಿಂಟ್ ತೆಗೆದು, ಹಿಂದೆ ಚೀಟಿ ಇದ್ದ ಕಡೆ, ಕ್ಯಾಲೆಂಡರಿನ ಹಿಂದೆಯೇ ಸಿಕ್ಕಿಸಿದ್ದೇನೆ. ಕ್ಯಾಲೆಂಡರ್ ಬದಲಾಯಿಸುವಾಗ ಅದನ್ನು ಮುಟ್ಟಕೂಡದು ಅಂತ ಮನೆಯಲ್ಲಿ ಆಜ್ಞೆಯಾಗಿದೆ. ಅವರ ಮದುವೆಗಳೆಲ್ಲ ಬೇರೆ ಯಾರದೋ ಪತ್ರಿಕೆಯಲ್ಲಿ ಆಗಿಹೋಗಿರಬೇಕು. ಆಗಲಿ. ನಾನು ನಾಮಕರಣದ ಕಾರ್ಡನ್ನೂ ಮಾಡುತ್ತೇನೆ. ಈಗ ಯಾರೇ ಬಂದು ಮಗುವಿನ ಅಪ್ಪನ ಹೆಸರು ಹೇಳಲಿ, ಒಂದು ನಿಮಿಷ ಅಂತ ಎದ್ದು ಹೋಗಿ ಕ್ಯಾಲೆಂಡರ್ ಎತ್ತಿ ನೋಡಿ ಬರುತ್ತೇನೆ. ಪಂಚಾಂಗ ನೋಡಲು ಹೋಗಿದ್ದೆ ಅಂದುಕೊಳ್ಳುತ್ತಾರೆ. ಹದಿನಾರರಲ್ಲಿ ಒಬ್ಬ ಸಿಕ್ಕರೂ ಸಾಕು, ಅವನ ಕಾರ್ಡನ್ನು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಕೊಡುತ್ತೇನೆ. ಯಾಕೆ ಅಂತ ಅವನು ಕೇಳಿದರೆ ಮಾತ್ರ ಹೇಳುವುದಿಲ್ಲ.